ಬಾಯಿ ಮುಚ್ಚಿದ ಹಂಡೆ: ಗೀಸರ್ ಯಾಕೆ ಬಿಸಿಯಾಗುವುದಿಲ್ಲ?

ನರಕ ಚತುರ್ದಶಿಯ ನಸುಕು. ಮನೆ ಮಂದಿಯೆಲ್ಲ ತಲೆಗೆ ಎಣ್ಣೆ ಹಚ್ಚಿಕೊಂಡು ಸರದಿಗೆ ಕಾಯುತ್ತಿದ್ದಾರೆ. ಗೀಸರ್ ಹಾಕಿ ಅರ್ಧ ತಾಸಾಗಿದೆ. ನಳ ತಿರುವಿದರೆ ಬರುವುದು ತಣ್ಣೀರೇ. ರಾಯಚೂರಿನ ನಮ್ಮ ಮನೆಯಲ್ಲಿ ಎರಡು ವರ್ಷದ ಹಿಂದೆ ಹೀಗೇ ಆಯಿತು. ಅವತ್ತು ಅದೇ ಓಣಿಯ ಇನ್ನೆರಡು ಮನೆಗಳಲ್ಲೂ ಇದೇ ಕಥೆ. ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ, ಹಬ್ಬ ಮುಗಿಯಲಿ ಬರ್ತೀನಿ ಅಂದ.

ಒಂದೇ ದಿನ ಮೂರು ಮನೆಯ ಗೀಸರ್ ಕೈಕೊಡಲು ಕಾರಣವಿದೆ. ನಮ್ಮ ಕಡೆ ಬಿಸಿಲು ಶುರುವಾದ ಮೇಲೆ ಗೀಸರ್ ಯಾರಿಗೆ ಬೇಕು? ಮಾಳಿಗೆ ಮೇಲಿನ ಟ್ಯಾಂಕ್ ನೀರೇ ಮೈ ಸುಡುತ್ತದೆ. ಹೀಗೆ ಏಳೆಂಟು ತಿಂಗಳು ಗೀಸರ್ ಸುಮ್ನೆ ಗೋಡೆಗೆ ನೇತಾಡುತ್ತದೆ. ದೀಪಾವಳಿ ಹೊತ್ತಿಗೆ ಚಳಿ ಇಣುಕಿದಾಗ ಎಲ್ಲರೂ ಒಟ್ಟಿಗೇ ಸ್ವಿಚ್ ಒತ್ತುತ್ತಾರೆ. ಆ ನಿದ್ದೆಯ ತಿಂಗಳುಗಳಲ್ಲಿ ಒಳಗೆ ಆದದ್ದೆಲ್ಲ ಅವತ್ತು ಹೊರಗೆ ಬರುತ್ತದೆ.

ಹಿಂದೆ ನೀರು ತುಂಬುವ ಹಬ್ಬದ ದಿನ ಬಚ್ಚಲಿನ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆಯುತ್ತಿದ್ದರು. ಒಳಗೆ ಕಟ್ಟಿದ ಬಿಳಿ ಪದರ ಹೋಗುವ ತನಕ ಅವ್ವ ಬಿಡುತ್ತಿರಲಿಲ್ಲ. ಆಮೇಲೆ ಹೊರಗೆ ಸುಣ್ಣ, ಕೆಮ್ಮಣ್ಣು ಬಳಿದು, ಕೊರಳಿಗೆ ಬಳ್ಳಿ ಸುತ್ತಿ, ಹೊಸ ನೀರು ತುಂಬುವುದು. ಗೀಸರ್ ಕೂಡ ಒಂದು ಹಂಡೆಯೇ. ಆದರೆ ಅದರ ಬಾಯಿ ಮುಚ್ಚಿದೆ. ಒಳಗೆ ಏನಾಗಿದೆ ಎಂದು ಕಾಣುವುದಿಲ್ಲ, ಹಾಗಾಗಿ ಯಾರೂ ತೊಳೆಯುವುದಿಲ್ಲ. ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಗೀಸರ್ ರೋಗಗಳಲ್ಲಿ ಜಾಸ್ತಿ ಪಾಲು ಇಲ್ಲಿಂದಲೇ ಶುರುವಾಗುತ್ತದೆ ಎಂಬುದು ನನ್ನ ಅನುಭವ. ಅದಕ್ಕೆ ಬರುವ ಮೊದಲು, ಒಳಗೆ ಏನೇನಿದೆ ಎಂದು ನೋಡೋಣ.

ಡಬ್ಬಿಯ ಒಳಗೆ ಏನಿದೆ?

ಮನೆಗಳಲ್ಲಿ ಜಾಸ್ತಿ ಕಾಣುವುದು 10, 15 ಅಥವಾ 25 ಲೀಟರ್ ಹಿಡಿಯುವ ಟ್ಯಾಂಕ್ ಗೀಸರ್. ಟ್ಯಾಂಕಿನ ಸುತ್ತ ದಪ್ಪ ಫೋಮ್ ಇರುತ್ತದೆ, ಬಿಸಿ ಬೇಗ ಆರಬಾರದು ಎಂದು. ಕೆಳಗೆ ಎರಡು ಪೈಪ್. ಒಂದರಿಂದ ತಣ್ಣೀರು ಟ್ಯಾಂಕಿನ ತಳಕ್ಕೆ ಬರುತ್ತದೆ. ಇನ್ನೊಂದು ಒಳಗೆ ಮೇಲಿನ ತನಕ ಎದ್ದು ನಿಂತಿದೆ, ಬಿಸಿನೀರು ಅದರ ತುದಿಯಿಂದ ಹೊರಗೆ ಬರುತ್ತದೆ. ನೀವು ಬಿಸಿನೀರಿನ ನಳ ಬಿಟ್ಟಾಗ ಕೆಳಗಿನಿಂದ ತಣ್ಣೀರು ಒಳಗೆ ನುಗ್ಗಿ, ಮೇಲಿರುವ ಬಿಸಿನೀರನ್ನು ಹೊರಗೆ ತಳ್ಳುತ್ತದೆ. ಅಂದರೆ ತಣ್ಣೀರು ಒಳಗೆ ಬರದಿದ್ದರೆ ಬಿಸಿನೀರು ಹೊರಗೆ ಬರುವುದಿಲ್ಲ.

ನೀರನ್ನು ಕಾಯಿಸುವುದು ಕಾಯಿಲ್. ಅದೊಂದು ಲೋಹದ ಕೊಳವೆ. ಅದರ ಮಧ್ಯೆ ಬಿಸಿಯಾಗುವ ತಂತಿ, ತಂತಿಯ ಸುತ್ತ ಬಿಳಿ ಪುಡಿ. ಆ ಪುಡಿ ಶಾಖವನ್ನು ಹೊರಗೆ ಬಿಡುತ್ತದೆ, ಕರೆಂಟನ್ನು ಬಿಡುವುದಿಲ್ಲ. ಈ ಪುಡಿ ಒಣಗಿರುವ ತನಕ ಮಾತ್ರ ನೀವು ಕ್ಷೇಮ, ಇದನ್ನು ನೆನಪಿಡಿ.

ಕಾಯಿಲ್ ಪಕ್ಕ ಇಬ್ಬರು ಕಾವಲುಗಾರರು. ಮೊದಲನೆಯದು ಥರ್ಮೋಸ್ಟಾಟ್. ಒಲೆ ಮೇಲಿನ ಹಾಲನ್ನು ಕಾಯುವವರ ಹಾಗೆ ಇದು ನೀರಿನ ಬಿಸಿ ನೋಡುತ್ತಾ, ಸಾಕಾದಾಗ ಕರೆಂಟ್ ನಿಲ್ಲಿಸುತ್ತದೆ, ಆರಿದಾಗ ಮತ್ತೆ ಕೊಡುತ್ತದೆ. ಎರಡನೆಯದು ಕಟ್‌ಔಟ್. ಥರ್ಮೋಸ್ಟಾಟ್ ಕೆಟ್ಟು ಬಿಸಿ ಮಿತಿ ಮೀರಿದರೆ ಇದು ಪೂರ್ತಿ ಕರೆಂಟ್ ಕತ್ತರಿಸುತ್ತದೆ. ಬಹಳಷ್ಟು ಗೀಸರ್‌ಗಳಲ್ಲಿ ಇದು ತಾನಾಗಿ ಮತ್ತೆ ಕೂಡಿಕೊಳ್ಳುವುದಿಲ್ಲ, ಯಾರಾದರೂ ಒತ್ತಬೇಕು.

ಇನ್ನೆರಡು ಭಾಗಗಳಿವೆ. ತಣ್ಣೀರು ಬರುವ ಕಡೆ ಒಂದು ಸೇಫ್ಟಿ ವಾಲ್ವ್, ಕುಕ್ಕರ್ ಸೀಟಿಯ ಅಣ್ಣ. ಒಳಗೆ ಒಂದು ಮೆಗ್ನೀಸಿಯಂ ಕಡ್ಡಿ. ಅದು ತಾನು ಸವೆದು ಟ್ಯಾಂಕನ್ನು ತುಕ್ಕಿನಿಂದ ಕಾಯುತ್ತದೆ.

ಮೊದಲು ನೀರು ಇದೆಯೇ ನೋಡಿ

ನಮ್ಮ ಊರುಗಳಲ್ಲಿ ನಳಕ್ಕೆ ದಿನಾ ನೀರು ಬರುವುದಿಲ್ಲ. ಮೇಲಿನ ಟ್ಯಾಂಕ್ ಖಾಲಿಯಾದಾಗ ಕೆಲವು ಮನೆಗಳಲ್ಲಿ ಗೀಸರ್‌ನ ನೀರೂ ಪೈಪಿನಲ್ಲಿ ಹಿಂದಕ್ಕೆ ಇಳಿದುಬಿಡುತ್ತದೆ. ಬೇಸಿಗೆಯಲ್ಲಿ ಯಾರೋ ಗೀಸರ್‌ನ ವಾಲ್ವ್ ಬಂದ್ ಮಾಡಿ ಮರೆತಿರುತ್ತಾರೆ. ಇಂಥ ಹೊತ್ತಿನಲ್ಲಿ ಸ್ವಿಚ್ ಹಾಕಿದರೆ ಕಾಯಿಲ್ ಗಾಳಿಯಲ್ಲಿ ಕಾಯುತ್ತದೆ. ನೀರು ಹಾಕದೆ ಖಾಲಿ ಕುಕ್ಕರ್ ಒಲೆ ಮೇಲಿಟ್ಟ ಹಾಗೆ. ಅದೃಷ್ಟ ಇದ್ದರೆ ಕಟ್‌ಔಟ್ ಬೀಳುತ್ತದೆ, ಇಲ್ಲದಿದ್ದರೆ ಕಾಯಿಲ್ ಸುಡುತ್ತದೆ.

ಹಾಗಾಗಿ ಮೊದಲ ಪರೀಕ್ಷೆಗೆ ಟೆಸ್ಟರ್ ಬೇಡ. ಸ್ವಿಚ್ ಹಾಕುವ ಮೊದಲು ಬಿಸಿನೀರಿನ ನಳ ಬಿಡಿ. ಗಾಳಿ ಬುಸುಗುಟ್ಟುವುದು ನಿಂತು ನೀರು ಸಮವಾಗಿ ಧಾರೆ ಬಂದರೆ ಟ್ಯಾಂಕ್ ತುಂಬಿದೆ. ಆಮೇಲೆ ಸ್ವಿಚ್. ಬಿಡುವಿನ ನಂತರ ಮೊದಲ ಸಲ ಹಾಕುವಾಗ ಇದನ್ನು ಎಂದೂ ತಪ್ಪಿಸಬೇಡಿ.

ಲೈಟ್ ಏನು ಹೇಳುತ್ತಿದೆ?

ನೀರು ಇದೆ, ಸ್ವಿಚ್ ಹಾಕಿದ್ದೀರಿ, ಆದರೂ ತಣ್ಣಗಿದೆ. ಈಗ ಗೀಸರ್ ಮೇಲಿನ ಲೈಟ್ ನೋಡಿ. ಕಂಪನಿ ಕಂಪನಿಗೆ ಸ್ವಲ್ಪ ಬದಲಾಗುತ್ತದೆ, ಆದರೂ ಬಹಳಷ್ಟು ಮಾಡೆಲ್‌ಗಳಲ್ಲಿ ಒಂದು ಲೈಟ್ ಕರೆಂಟ್ ಬಂದಿದೆ ಎನ್ನುತ್ತದೆ, ಇನ್ನೊಂದು ಈಗ ಕಾಯುತ್ತಿದೆ ಎನ್ನುತ್ತದೆ.

ಯಾವ ಲೈಟೂ ಇಲ್ಲದಿದ್ದರೆ ಗೀಸರ್ ತನಕ ಕರೆಂಟೇ ಬಂದಿಲ್ಲ ಎನ್ನಬಹುದು. ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನಾಗಿ ಬೀಳುವ, ಮನೆ ಬೋರ್ಡ್‌ನ ಸ್ವಿಚ್) ಬಿದ್ದಿರಬಹುದು, ಪ್ಲಗ್ ಸುಟ್ಟಿರಬಹುದು, ಬಿಡುವಿನಲ್ಲಿ ಇಲಿ ವೈರ್ ಕಡಿದಿರಬಹುದು. ಕರೆಂಟ್ ಲೈಟ್ ಇದೆ, ಕಾಯುವ ಲೈಟ್ ಇಲ್ಲ, ನೀರು ತಣ್ಣಗಿದೆ ಎಂದಾದರೆ ಕಾವಲುಗಾರರಲ್ಲಿ ಒಬ್ಬ ದಾರಿ ಮುಚ್ಚಿದ್ದಾನೆ. ಎರಡೂ ಲೈಟ್ ಉರಿಯುತ್ತಿದ್ದು ಅರ್ಧ ತಾಸಾದರೂ ನೀರು ಬೆಚ್ಚಗೂ ಆಗದಿದ್ದರೆ ಅನುಮಾನ ನೇರ ಕಾಯಿಲ್ ಮೇಲೆ. ಒಳಗಿನ ತಂತಿ ತುಂಡಾಗಿರುತ್ತದೆ.

ಆದರೆ ಆ ಪುಟ್ಟ ಲೈಟ್‌ಗಳೂ ಸಾಯುತ್ತವೆ. ಗೀಸರ್ ಚೆನ್ನಾಗಿದ್ದು ಲೈಟ್ ಮಾತ್ರ ಕೆಟ್ಟಿರುವುದು ಅಪರೂಪವಲ್ಲ. ಇದಕ್ಕೆ ಮನೆಯಲ್ಲೇ ಒಂದು ಚಂದದ ಪರೀಕ್ಷೆ ಇದೆ. ನಿಮ್ಮ ಕರೆಂಟ್ ಮೀಟರ್‌ನಲ್ಲಿ ಒಂದು ಕೆಂಪು ಲೈಟ್ ಮಿಣುಕುತ್ತಿರುತ್ತದೆ, ಅಲ್ವಾ? ಒಂದು ಯೂನಿಟ್‌ಗೆ ಅದು ಎಷ್ಟು ಸಲ ಮಿಣುಕುತ್ತದೆ ಎಂದು ಮೀಟರ್ ಮೇಲೆಯೇ ಬರೆದಿರುತ್ತದೆ. 3200 ಎಂದಿದ್ದರೆ, 2000 ವಾಟ್‌ನ ಗೀಸರ್ ಕಾಯುವಾಗ ಸೆಕೆಂಡಿಗೆ ಸುಮಾರು ಎರಡು ಸಲ ಮಿಣುಕಬೇಕು. 1600 ಎಂದಿದ್ದರೆ ಸೆಕೆಂಡಿಗೆ ಸುಮಾರು ಒಂದು ಸಲ. ಮನೆಯ ಫ್ರಿಜ್, ಫ್ಯಾನ್, ದೀಪ ಎಲ್ಲ ಆರಿಸಿ, ಗೀಸರ್ ಒಂದನ್ನೇ ಹಾಕಿ ಮೀಟರ್ ಮುಂದೆ ನಿಲ್ಲಿ. ಬಡಬಡ ಮಿಣುಕಿದರೆ ಕಾಯಿಲ್ ಕರೆಂಟ್ ಎಳೆಯುತ್ತಿದೆ. ಆಗೊಮ್ಮೆ ಈಗೊಮ್ಮೆ ಮಿಣುಕಿದರೆ ಎಳೆಯುತ್ತಿಲ್ಲ. ಒಂದು ಸ್ಕ್ರೂ ಕೂಡ ಬಿಚ್ಚದೆ ಅರ್ಧ ರೋಗ ಗೊತ್ತಾಯಿತು. ಮೆಕ್ಯಾನಿಕ್‌ಗೆ ಫೋನಿನಲ್ಲಿ ಇಷ್ಟು ಹೇಳಿದರೆ ಬರುವಾಗಲೇ ಬೇಕಾದ ಸಾಮಾನು ತರುತ್ತಾನೆ.

ಪ್ಲಗ್ ಯಾಕೆ ಕಪ್ಪಾಗುತ್ತದೆ?

2000 ವಾಟ್ ಅಂದರೆ ಚಿಕ್ಕ ಮಾತಲ್ಲ. 9 ವಾಟ್‌ನ ಎಲ್‌ಇಡಿ ಬಲ್ಬ್ 220 ಒಟ್ಟಿಗೆ ಉರಿದಷ್ಟು. 230 ವೋಲ್ಟ್‌ನಲ್ಲಿ ಇದು ಸುಮಾರು 8.7 ಆಂಪಿಯರ್ ಎಳೆಯುತ್ತದೆ, 3000 ವಾಟ್‌ನದು 13 ಆಂಪಿಯರ್. ಮಿಕ್ಸರ್, ಟಿವಿ ಹಾಕುವ 6 ಆಂಪಿಯರ್ ಸಾಕೆಟ್ ಇದನ್ನು ತಾಳುವುದಿಲ್ಲ. ಗೀಸರ್‌ಗೆ 16 ಆಂಪಿಯರ್‌ನ ದಪ್ಪ ಪವರ್ ಪಾಯಿಂಟ್ ಬೇಕು. ಅದಕ್ಕೆಂದೇ ಬೋರ್ಡ್‌ನಿಂದ 2.5 ಅಥವಾ 4 ಚದರ ಮಿಲಿಮೀಟರ್‌ನ ತಾಮ್ರದ ವೈರ್ ಬರಬೇಕು. ಎಕ್ಸ್‌ಟೆನ್ಷನ್ ಬೋರ್ಡ್ ಬೇಡವೇ ಬೇಡ.

ಪಿನ್ ಸ್ವಲ್ಪ ಸಡಿಲವಿದ್ದರೂ ಆ ಜಾಗ ಬಿಸಿಯಾಗಿ, ಪ್ಲಾಸ್ಟಿಕ್ ಕರಗಿ, ಕಪ್ಪಾಗುತ್ತದೆ. ಸುಟ್ಟ ವಾಸನೆ, ಪಿನ್ ಮೇಲೆ ಕಪ್ಪು ಕಂಡರೆ ಪ್ಲಗ್, ಸಾಕೆಟ್ ಎರಡನ್ನೂ ಬದಲಿಸಿ. ಒಂದನ್ನೇ ಬದಲಿಸಿದರೆ ಹಳೆಯದು ಹೊಸದನ್ನೂ ಸುಡುತ್ತದೆ.

ಸ್ವಿಚ್ ಹಾಕಿದ ಕೂಡಲೇ ಏನೋ ಬೀಳುತ್ತದೆ

ಇಲ್ಲಿ ಎರಡು ಬೇರೆ ಬೇರೆ ಸಾಧನಗಳಿವೆ. ಜನ ಎರಡಕ್ಕೂ ಎಂಸಿಬಿ ಎಂದೇ ಅನ್ನುತ್ತಾರೆ. ವ್ಯತ್ಯಾಸ ಗೊತ್ತಿದ್ದರೆ ಜೀವ ಉಳಿಯುತ್ತದೆ.

ಎಂಸಿಬಿ ನೋಡುವುದು ವೈರ್ ಮೇಲಿನ ಹೊರೆಯನ್ನು. ಕರೆಂಟ್ ಮಿತಿ ಮೀರಿ ಹರಿದರೆ ಅಥವಾ ಎರಡು ವೈರ್ ಒಂದಕ್ಕೊಂದು ತಾಗಿದರೆ ಬೀಳುತ್ತದೆ. ಅದು ಕಾಯುವುದು ವೈರನ್ನು.

ಆರ್‌ಸಿಸಿಬಿ ಕಾಯುವುದು ಮನುಷ್ಯನನ್ನು. ಅದರ ಮೇಲೆ ‘ಟಿ’ ಎಂದು ಬರೆದ ಒಂದು ಚಿಕ್ಕ ಬಟನ್ ಇರುತ್ತದೆ. ಗಂಗಾವತಿಯ ಅಕ್ಕಿ ಗಿರಣಿಯ ಗೇಟನ್ನು ನೆನೆಸಿಕೊಳ್ಳಿ. ಬೆಳಗ್ಗೆ ನೂರು ಚೀಲ ಹೊರಗೆ ಹೋದವು, ಸಂಜೆ ಅಷ್ಟೂ ಚೀಲದ ಲೆಕ್ಕ ವಾಪಸ್ ಬರಬೇಕು. ಒಂದು ಕಮ್ಮಿಯಾದರೆ ಗುಮಾಸ್ತ ಗೇಟ್ ಮುಚ್ಚುತ್ತಾನೆ, ದಾರಿಯಲ್ಲಿ ಎಲ್ಲೋ ಸೋರಿದೆ ಎಂದು. ಆರ್‌ಸಿಸಿಬಿ ಮಾಡುವುದೂ ಇದೇ ಲೆಕ್ಕ. ಒಂದು ವೈರಿನಲ್ಲಿ ಹೋದ ಕರೆಂಟ್ ಇನ್ನೊಂದರಲ್ಲಿ ಪೂರ್ತಿ ವಾಪಸ್ ಬಂತೇ? ಮನೆಗಳಿಗೆ ಹಾಕುವ ಆರ್‌ಸಿಸಿಬಿ 30 ಮಿಲಿಆಂಪಿಯರ್‌ನಷ್ಟು ಕಮ್ಮಿಯಾದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಕತ್ತರಿಸುತ್ತದೆ. ಆ ಸೋರಿಕೆ ಒಬ್ಬರ ಮೈಯ ಮೂಲಕವೂ ಆಗಿರಬಹುದು.

ಗೀಸರ್ ಹಾಕಿದ ಕೂಡಲೇ ಆರ್‌ಸಿಸಿಬಿ ಬೀಳುತ್ತಿದ್ದರೆ ಜಾಸ್ತಿ ಸಲ ಕಾರಣ ಒಂದೇ. ಕಾಯಿಲ್ ಮೇಲಿನ ಲೋಹ ಬಿರುಕು ಬಿಟ್ಟಿದೆ, ಒಳಗಿನ ಬಿಳಿ ಪುಡಿಗೆ ನೀರು ಸೇರಿದೆ, ಕರೆಂಟ್ ನೀರಿಗೆ ಮತ್ತು ಟ್ಯಾಂಕಿಗೆ ಇಳಿಯುತ್ತಿದೆ. ಮತ್ತೆ ಮತ್ತೆ ಎತ್ತಿ ನೋಡುವ ಕೆಲಸ ಮಾಡಬೇಡಿ. ಆರ್‌ಸಿಸಿಬಿ ತೆಗೆಸಿ ನೇರ ವೈರ್ ಕೊಡಿಸುವವರನ್ನು ನಾನು ನೋಡಿದ್ದೇನೆ. ನೆನೆದರೆ ಹೊಟ್ಟೆ ಉರಿಯುತ್ತದೆ. ಹಾಗೆ ಮಾಡಿದ ಮನೆಯಲ್ಲಿ ಒದ್ದೆ ಕಾಲಲ್ಲಿ ನಳ ಮುಟ್ಟುವುದು ಮಕ್ಕಳು.

ಆರ್‌ಸಿಸಿಬಿ ಇಲ್ಲದ ಹಳೆ ಮನೆಗಳಲ್ಲಿ ಅರ್ತಿಂಗ್, ಅಂದರೆ ಸೋರಿದ ಕರೆಂಟನ್ನು ನೆಲದ ಗುಂಡಿಗೆ ಇಳಿಸುವ ವೈರ್, ಒಂದೇ ಆಸರೆ. ಆ ಗುಂಡಿ ಹಸಿಯಾಗಿದ್ದರೆ ಮಾತ್ರ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ನಮ್ಮ ಎರೆಭೂಮಿ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಗುಂಡಿಯೂ ಒಣಗುತ್ತದೆ. ಅದಕ್ಕೆ ಆಗಾಗ ನೀರು ಹಾಕುತ್ತಿರಬೇಕು. ನಳ ಮುಟ್ಟಿದಾಗ ಕೈ ಜುಮ್ ಎಂದರೆ ಅದು ಸಣ್ಣ ಶಾಕ್ ಎಂದು ಬಿಡುವ ಮಾತೇ ಅಲ್ಲ. ಎಂಸಿಬಿ ಇಳಿಸಿ, ಎಲೆಕ್ಟ್ರಿಷಿಯನ್ ಬರುವ ತನಕ ಆ ಬಚ್ಚಲು ಬಂದ್.

ಕೆಂಪು ಬಟನ್

ಕಟ್‌ಔಟ್ ಬಿದ್ದಿದ್ದರೆ ಅದನ್ನು ಒತ್ತುವ ಚಿಕ್ಕ ಬಟನ್ ಬಹುಪಾಲು ಗೀಸರ್‌ನ ಕೆಳಗಿನ ಮುಚ್ಚಳದ ಒಳಗೆ, ಥರ್ಮೋಸ್ಟಾಟ್ ಹತ್ತಿರ ಇರುತ್ತದೆ. ಮುಚ್ಚಳ ತೆಗೆದರೆ ಬರಿ ವೈರ್‌ಗಳು. ಸ್ವಿಚ್ ಆರಿಸಿದರೆ ಸಾಲದು, ಎಂಸಿಬಿಯನ್ನೇ ಇಳಿಸಬೇಕು. ಅಭ್ಯಾಸ ಇಲ್ಲದವರು ಇದನ್ನು ಎಲೆಕ್ಟ್ರಿಷಿಯನ್‌ಗೆ ಬಿಡುವುದು ಒಳ್ಳೆಯದು.

ಒತ್ತಿದ ಮೇಲೆ ಗೀಸರ್ ಓಡಿತು, ಖುಷಿ. ಆದರೆ ಅದು ಯಾಕೆ ಬಿತ್ತು ಎಂದು ಕೇಳಲೇಬೇಕು. ನೀರಿಲ್ಲದೆ ಹಾಕಿದಿರಾ? ಥರ್ಮೋಸ್ಟಾಟ್ ಅಂಟಿಕೊಂಡಿದೆಯಾ? ವಾರದಲ್ಲಿ ಎರಡನೇ ಸಲ ಬಿದ್ದರೆ ಥರ್ಮೋಸ್ಟಾಟ್ ಬದಲಿಸಬೇಕು ಅಥವಾ ಒಳಗೆ ಸುಣ್ಣ ಕಟ್ಟಿದೆ.

ನಮ್ಮ ನೀರು, ನಮ್ಮ ಸುಣ್ಣ

ಈಗ ಮುಖ್ಯ ವಿಷಯಕ್ಕೆ ಬರೋಣ. ಬೋರ್ ನೀರಿಗೆ ತೊಗರಿ ಬೇಳೆ ಬೇಯುವುದಿಲ್ಲ ಎಂದು ನಮ್ಮ ಮನೆಗಳ ಹೆಣ್ಣುಮಕ್ಕಳು ಯಾವ ಲ್ಯಾಬಿಗೂ ಹೋಗದೆ ಕಂಡುಕೊಂಡಿದ್ದಾರೆ. ಸೋಪು ನೊರೆ ಬರುವುದಿಲ್ಲ, ಕೂದಲು ಅಂಟಂಟು. ಇಂಥ ನೀರಿಗೆ ನಾವು ಸವಳು ನೀರು ಎನ್ನುತ್ತೇವೆ, ಪುಸ್ತಕದಲ್ಲಿ ಗಡಸು ನೀರು ಎಂದಿರುತ್ತದೆ. ನಿಜ ಹೇಳಬೇಕೆಂದರೆ ಎರಡೂ ಪೂರ್ತಿ ಒಂದೇ ಅಲ್ಲ. ಸವಳು ಅಂದರೆ ಉಪ್ಪಿನ ರುಚಿ. ಗಡಸು ಅಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ ಕರಗಿರುವುದು. ನಮ್ಮ ಬೋರ್‌ಗಳಲ್ಲಿ ಇವೆರಡೂ ಜೊತೆಯಾಗಿ ಬರುವುದರಿಂದ ಹೆಸರೂ ಬೆರೆತಿದೆ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 200 ಮಿಲಿಗ್ರಾಂ ತನಕ ಗಡಸುತನ ಇದ್ದರೆ ಒಳ್ಳೆಯದು. ಬೇರೆ ನೀರೇ ಇಲ್ಲದಿದ್ದರೆ 600ರ ತನಕ ನಡೆಯುತ್ತದೆ. ತುಂಗಭದ್ರೆಯ ನೀರಿಗಿಂತ ಬೋರ್ ನೀರು ಗಡಸು ಎಂಬುದನ್ನು ಎರಡನ್ನೂ ಬಳಸುವ ಮನೆಯವರು ಬೇಳೆಯಲ್ಲೇ ಹೇಳಬಲ್ಲರು.

ನೆಲದೊಳಗೆ ಏನಾಗುತ್ತದೆ ಗೊತ್ತಾ? ಮಳೆನೀರು ಮಣ್ಣಿನಲ್ಲಿ ಇಳಿಯುವಾಗ ಅಲ್ಲಿನ ಇಂಗಾಲದ ಡೈಆಕ್ಸೈಡ್ ಸೇರಿಸಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಆ ಹುಳಿ ದಾರಿಯಲ್ಲಿ ಸಿಕ್ಕ ಸುಣ್ಣವನ್ನು ಕರಗಿಸುತ್ತದೆ. ನೀರು ತಿಳಿಯಾಗೇ ಕಾಣುತ್ತದೆ, ಸುಣ್ಣ ಅದರಲ್ಲಿ ಅಡಗಿರುತ್ತದೆ. ಗೀಸರ್‌ನಲ್ಲಿ ನೀರು ಕಾಯುತ್ತಲೇ ಆ ಅನಿಲ ಹಾರಿಹೋಗುತ್ತದೆ. ಸುಣ್ಣಕ್ಕೆ ಕರಗಿಕೊಂಡಿರಲು ಆಸರೆ ಇಲ್ಲ. ಗಟ್ಟಿಯಾಗಿ ಎಲ್ಲಿ ಬಿಸಿ ಜಾಸ್ತಿಯೋ ಅಲ್ಲಿ, ಅಂದರೆ ಕಾಯಿಲ್ ಮೇಲೆ, ಅಂಟುತ್ತದೆ. ಸಕ್ಕರೆ ಬಿಸಿನೀರಿನಲ್ಲಿ ಜಾಸ್ತಿ ಕರಗುತ್ತದೆ, ಈ ಸುಣ್ಣ ಮಾತ್ರ ಉಲ್ಟಾ. ಚಹಾ ಕುದಿಸುವ ಪಾತ್ರೆ, ಇಡ್ಲಿ ಪಾತ್ರೆಯ ತಳ ಬೆಳ್ಳಗಾಗುವುದೂ ಇದೇ ಕಾರಣಕ್ಕೆ.

ಈ ಪದರವನ್ನು ಕಾಯಿಲ್ ಹೊದ್ದ ಕಂಬಳಿ ಎಂದುಕೊಳ್ಳಿ. ಕಾಯಿಲ್‌ನ ಶಾಖ ಸಲೀಸಾಗಿ ನೀರಿಗೆ ಹೋಗುವುದಿಲ್ಲ. ಒಳಗೇ ಸಿಕ್ಕಿಕೊಂಡು ಕಾಯಿಲ್ ತಾನೇ ಬೇಯುತ್ತದೆ. ನೀರು 60 ಡಿಗ್ರಿ ಇದ್ದರೂ ಕಂಬಳಿಯ ಒಳಗಿನ ಲೋಹ ಅದಕ್ಕಿಂತ ಬಹಳ ಜಾಸ್ತಿ ಕಾಯುತ್ತದೆ. ಒಂದು ದಿನ ಬಿರುಕು. ಬಿರುಕಿನಿಂದ ನೀರು, ನೀರಿನಿಂದ ಸೋರಿಕೆ, ಸೋರಿಕೆಗೆ ಆರ್‌ಸಿಸಿಬಿ. ಕರೆಂಟಿನ ತೊಂದರೆ ಎಂದು ಕಂಡದ್ದು ನೀರಿನಿಂದ ಹುಟ್ಟಿದ್ದು.

ಒಂದು ಮಾತು ಸ್ಪಷ್ಟಪಡಿಸಬೇಕು. ಸುಣ್ಣ ಕಟ್ಟಿದರೆ ಕರೆಂಟ್ ಬಿಲ್ ದುಪ್ಪಟ್ಟು ಆಗುತ್ತದೆ ಎಂದು ಹೇಳುವವರಿದ್ದಾರೆ. ಗ್ಯಾಸ್ ಗೀಸರ್‌ನಲ್ಲಿ ನಷ್ಟ ನಿಜ, ಶಾಖ ಚಿಮಣಿಯಿಂದ ಹೊರಗೆ ಹೋಗುತ್ತದೆ. ಕರೆಂಟ್ ಗೀಸರ್‌ನಲ್ಲಿ ಕಾಯಿಲ್ ನೀರಿನ ಒಳಗೇ ಇದೆ, ಶಾಖಕ್ಕೆ ಬೇರೆ ದಾರಿಯಿಲ್ಲ, ತಡವಾಗಿಯಾದರೂ ನೀರಿಗೇ ಸೇರಬೇಕು. ಇಲ್ಲಿ ಹಾಳಾಗುವುದು ಕಾಯಿಲ್‌ನ ಆಯಸ್ಸು.

ಮತ್ತೆ ಸುಣ್ಣ ಕಟ್ಟಿದ ಗೀಸರ್‌ನಲ್ಲಿ ಬಿಸಿನೀರು ಯಾಕೆ ಸಾಲುವುದಿಲ್ಲ? ಉದುರಿದ ಚಕ್ಕೆಗಳು ತಳದಲ್ಲಿ ಕೂತು ನೀರಿನ ಜಾಗ ತಿನ್ನುತ್ತವೆ. ಥರ್ಮೋಸ್ಟಾಟ್ ಕೂತ ಕೊಳವೆ ಕಾಯಿಲ್ ಪಕ್ಕದಲ್ಲೇ ಇರುತ್ತದೆ. ಎರಡರ ಸುತ್ತ ಸುಣ್ಣ ಬೆಳೆದು ಒಂದಾದರೆ ಅದು ನೀರಿನ ಬಿಸಿ ಬಿಟ್ಟು ಕಾಯಿಲ್ ಬಿಸಿಯನ್ನೇ ಓದಿ ಬೇಗ ಕರೆಂಟ್ ನಿಲ್ಲಿಸುತ್ತದೆ. ನೀರು ಉಗುರುಬೆಚ್ಚಗೆ ನಿಂತುಬಿಡುತ್ತದೆ. ಗೀಸರ್ ಕಾಯುವಾಗ ಒಳಗಿನಿಂದ ಕಾದ ಎಣ್ಣೆಗೆ ನೀರು ಬಿದ್ದಂತೆ ಚಟಪಟ ಸದ್ದು ಬರುತ್ತಿದ್ದರೆ, ಅದು ಸುಣ್ಣದ ಸಂದಿಗಳಲ್ಲಿ ನೀರು ಕುದಿಯುವ ಸದ್ದು.

ನಮ್ಮ ಮನೆಯಲ್ಲಿ ಆದದ್ದೂ ಇದೇ. ಹಬ್ಬದ ಮಾರನೇ ದಿನ ಬಂದ ಹುಡುಗ ಹೊಸ ಕಾಯಿಲ್ ಹಾಕಿ ಹೋದ. ವರ್ಷ ತುಂಬುವ ಮೊದಲೇ ಅದೂ ಸುಟ್ಟಿತು. ಎರಡನೇ ಸಲ ಬಂದವರು ವಯಸ್ಸಾದ ಮೆಕ್ಯಾನಿಕ್. ಕೆಳಗಿನ ಪ್ಲೇಟ್ ಬಿಚ್ಚಿ ಬಕೆಟ್ ಹಿಡಿದರು. ಮುರಿದ ಹಪ್ಪಳದಂಥ ಬಿಳಿ ಚಕ್ಕೆಗಳು ಅರ್ಧ ಬಕೆಟ್ ಬಿದ್ದವು. “ಕಾಯಿಲ್ ಹೊಸಾದು ಹಾಕಿದ್ರ ಏನ್ ಬಂತ್ರಿ ಸರ, ಒಳಗ ಹಳೇ ಸುಣ್ಣ ಹಂಗ ಐತಲ್ಲ” ಅಂದರು. ಅವ್ವ ಬಾಗಿಲಲ್ಲಿ ನಿಂತು ನೋಡಿ, “ಹಂಡೆ ಆಗಿದ್ರ ನಾ ತಿಕ್ಕತಿದ್ದೆ” ಅಂದಳು.

ನೀರಿನ ಮುಂದೆ ದೊಡ್ಡ ಬಾಯ್ಲರ್‌ಗಳೂ ಸಣ್ಣವೇ. ಶಕ್ತಿನಗರದ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರ 1720 ಮೆಗಾವಾಟ್‌ನದು, ಕುಡಿತಿನಿಯ ಬಳ್ಳಾರಿ ಕೇಂದ್ರ 1700 ಮೆಗಾವಾಟ್‌ನದು. ಇಂಥ ಕೇಂದ್ರಗಳಲ್ಲಿ ನದಿ ನೀರನ್ನೂ ನೇರ ಬಾಯ್ಲರ್‌ಗೆ ಬಿಡುವುದಿಲ್ಲ. ಕರಗಿದ ಲವಣಗಳನ್ನು ಪೂರ್ತಿ ತೆಗೆದು ಆಮೇಲೆ ಬಿಡುತ್ತಾರೆ. ಕೊಳವೆಯ ಒಳಗೆ ತೆಳ್ಳಗೆ ಪದರ ಕಟ್ಟಿದರೂ ಅಲ್ಲಿ ಲೋಹ ಸುಟ್ಟು ಕೊಳವೆ ಒಡೆಯುತ್ತದೆ. ನಮ್ಮ ಗೀಸರ್‌ನಲ್ಲಿ ಆಗುವುದು ಅದೇ, ಪ್ರಮಾಣ ಮಾತ್ರ ಚಿಕ್ಕದು.

ತೊಳೆಯುವುದು ಹೇಗೆ?

ಬೋರ್ ನೀರಿನ ಮನೆಯಾದರೆ ವರ್ಷಕ್ಕೊಮ್ಮೆ, ನಳದ ನೀರಾದರೆ ಎರಡು ವರ್ಷಕ್ಕೊಮ್ಮೆ ಎಂದಿಟ್ಟುಕೊಳ್ಳಿ. ಎಂಸಿಬಿ ಇಳಿಸಿ, ನೀರು ಆರಲು ಬಿಟ್ಟು, ತಣ್ಣೀರಿನ ವಾಲ್ವ್ ಬಂದ್ ಮಾಡಿ, ಟ್ಯಾಂಕ್ ಖಾಲಿ ಮಾಡಬೇಕು. ಆಮೇಲೆ ಕೆಳಗಿನ ಪ್ಲೇಟ್ ಬಿಚ್ಚಿ ಕಾಯಿಲ್ ಹೊರಗೆ ತೆಗೆಯುತ್ತಾರೆ. ಚಕ್ಕೆಗಳನ್ನು ಕೈಯಿಂದ ತೆಗೆದು, ಕಾಯಿಲನ್ನು ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿದ ಬೆಚ್ಚಗಿನ ನೀರಿನಲ್ಲಿ ಮುಳುಗಿಸಿಟ್ಟರೆ ಉಳಿದ ಸುಣ್ಣ ನೊರೆ ಬಿಟ್ಟು ಕರಗುತ್ತದೆ. ವೈರ್ ಸಿಕ್ಕಿಸುವ ತುದಿಗಳು ಮಾತ್ರ ಒದ್ದೆಯಾಗಬಾರದು. ಅವ್ವನ ಹುಣಸೆಹಣ್ಣು ಮಾಡುತ್ತಿದ್ದುದೂ ಇದೇ ಕೆಲಸ, ಹುಳಿ ಸುಣ್ಣವನ್ನು ಕರಗಿಸುತ್ತದೆ.

ಬಚ್ಚಲು ತೊಳೆಯುವ ಆಸಿಡ್ ಹಾಕಲು ಬಿಡಬೇಡಿ. ಐದು ನಿಮಿಷದಲ್ಲಿ ಫಳಫಳ ಆಗುತ್ತದೆ, ನಿಜ. ಅದು ಸುಣ್ಣದ ಜೊತೆ ಲೋಹವನ್ನೂ ತಿನ್ನುತ್ತದೆ. ಪ್ಲೇಟ್ ಮತ್ತೆ ಹಾಕುವಾಗ ರಬ್ಬರ್ ಗ್ಯಾಸ್ಕೆಟ್ ಹೊಸದಿರಲಿ. ಮೆಗ್ನೀಸಿಯಂ ಕಡ್ಡಿಯನ್ನೂ ತೋರಿಸಲು ಹೇಳಿ. ಬೆರಳು ದಪ್ಪವಿದ್ದದ್ದು ಕಡ್ಡಿಯಂತೆ ಸವೆದಿದ್ದರೆ ಬದಲಿಸಿ, ಇಲ್ಲದಿದ್ದರೆ ತುಕ್ಕು ಟ್ಯಾಂಕಿಗೇ ಕೈ ಹಾಕುತ್ತದೆ.

ಸುಣ್ಣ ನಿಧಾನವಾಗಿ ಕಟ್ಟುವಂತೆ ಮಾಡಲು ಒಂದು ಸುಲಭ ದಾರಿ ಇದೆ. ಬಿಸಿ ಜಾಸ್ತಿಯಾದಷ್ಟೂ ಸುಣ್ಣ ಬೇಗ ಕೂರುತ್ತದೆ. ಥರ್ಮೋಸ್ಟಾಟ್ ತಿರುವುವ ನಾಬ್ ಇದ್ದರೆ 60 ಡಿಗ್ರಿ ಹತ್ತಿರ ಇಡಿ. ತಣ್ಣೀರು ಬೆರೆಸಿಯೇ ಸ್ನಾನ ಮಾಡುವ ನಮಗೆ 75 ಡಿಗ್ರಿ ನೀರು ಯಾಕೆ ಬೇಕು?

ಸೇಫ್ಟಿ ವಾಲ್ವ್‌ನಿಂದ ತೊಟ್ಟಿಕ್ಕುವ ನೀರಿನ ಬಗ್ಗೆಯೂ ಹೇಳಲೇಬೇಕು. ನೀರು ಕಾದಾಗ ಹಿಗ್ಗುತ್ತದೆ. 15 ಲೀಟರ್ ನೀರು 25ರಿಂದ 60 ಡಿಗ್ರಿಗೆ ಬಂದಾಗ ಸುಮಾರು ಒಂದು ಲೋಟದಷ್ಟು ಹೆಚ್ಚಾಗುತ್ತದೆ. ಅದು ಎಲ್ಲಾದರೂ ಹೋಗಬೇಕಲ್ಲ? ಕಾಯುವಾಗ ಹನಿ ಹನಿ ಬಿದ್ದರೆ ವಾಲ್ವ್ ಸರಿಯಿದೆ ಎಂದರ್ಥ. ಅದಕ್ಕೆ ಟೇಪ್ ಸುತ್ತಿ, ಅಂಟು ಮೆತ್ತಿ ಮುಚ್ಚುವವರಿದ್ದಾರೆ. ಕುಕ್ಕರಿನ ಸೀಟಿಗೆ ಅಂಟು ಮೆತ್ತಿ ಒಲೆ ಮೇಲಿಡುತ್ತೀರಾ? ಥರ್ಮೋಸ್ಟಾಟ್, ಕಟ್‌ಔಟ್ ಎರಡೂ ಕೈಕೊಟ್ಟ ದಿನ ಟ್ಯಾಂಕ್ ಸಿಡಿಯದಂತೆ ತಡೆಯುವುದು ಆ ವಾಲ್ವ್ ಒಂದೇ. ಕಾಯದಿದ್ದಾಗಲೂ ಧಾರೆಯಾಗಿ ಸುರಿಯುತ್ತಿದ್ದರೆ ಮಾತ್ರ ವಾಲ್ವ್ ಬದಲಿಸಬೇಕು.

ಎಲ್ಲ ಸರಿಯಿದೆ, ಆದರೂ ತಡ

15 ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ತರಲು ಸುಮಾರು 0.6 ಯೂನಿಟ್ ಬೇಕು. 2000 ವಾಟ್ ಕಾಯಿಲ್‌ಗೆ ಇದು ಹದಿನೆಂಟು ನಿಮಿಷದ ಕೆಲಸ. 25 ಲೀಟರ್‌ಗೆ ಅರ್ಧ ತಾಸು. ವೋಲ್ಟೇಜ್ ಇಳಿದರೆ ಲೆಕ್ಕ ತಪ್ಪುತ್ತದೆ, ಅದೂ ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ. 230 ಇರಬೇಕಾದಲ್ಲಿ 180 ವೋಲ್ಟ್ ಬಂದರೆ ಐದನೇ ಒಂದು ಪಾಲು ಕಮ್ಮಿಯಾಯಿತು ಎನಿಸುತ್ತದೆ. ಆದರೆ ವೋಲ್ಟೇಜ್ ಜೊತೆ ಹರಿಯುವ ಕರೆಂಟೂ ಇಳಿಯುವುದರಿಂದ ಎರಡು ಕಡೆ ಪೆಟ್ಟು. ಕಾಯಿಲ್‌ನ ಶಕ್ತಿ ಸುಮಾರು 1225 ವಾಟ್‌ಗೆ ಕುಸಿಯುತ್ತದೆ. ಹದಿನೆಂಟು ನಿಮಿಷದ ಕೆಲಸಕ್ಕೆ ಅರ್ಧ ತಾಸು. ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಓಡುವ ಹೊತ್ತಿನಲ್ಲಿ ಹಳ್ಳಿ ಮನೆಯ ಗೀಸರ್ ನಿಧಾನವಾದರೆ ಕಾಯಿಲ್ ಬದಲಿಸಲು ಹೋಗಬೇಡಿ, ಮೊದಲು ವೋಲ್ಟೇಜ್ ನೋಡಿಸಿ.

ಗ್ಯಾಸ್ ಮತ್ತು ಸೋಲಾರ್

ಗ್ಯಾಸ್ ಗೀಸರ್ ನಳ ಬಿಟ್ಟ ಕೂಡಲೇ ಟಿಕ್ ಟಿಕ್ ಎಂದು ಕಿಡಿ ಹಾರಿಸಿ ಹೊತ್ತಿಕೊಳ್ಳುತ್ತದೆ. ಟಿಕ್ ಸದ್ದೇ ಇಲ್ಲದಿದ್ದರೆ ಒಳಗಿನ ಎರಡು ದಪ್ಪ ಸೆಲ್ ಸತ್ತಿವೆ, ಅಥವಾ ನೀರಿನ ಒತ್ತಡ ಸಾಲದು. ಮೇಲಿನ ಟ್ಯಾಂಕ್ ಗೀಸರ್‌ಗಿಂತ ಸಾಕಷ್ಟು ಎತ್ತರದಲ್ಲಿ ಇಲ್ಲದ ಮನೆಗಳಲ್ಲಿ ಇದೇ ತೊಂದರೆ. ಟಿಕ್ ಸದ್ದು ಇದೆ, ಉರಿ ಇಲ್ಲ ಎಂದರೆ ಸಿಲಿಂಡರ್ ನೋಡಿ. ಉರಿ ನೀಲಿ ಇರಬೇಕು. ಹಳದಿ ಉರಿ ಅಂದರೆ ಗ್ಯಾಸ್ ಪೂರ್ತಿ ಸುಡುತ್ತಿಲ್ಲ, ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತಿರಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಬಚ್ಚಲಿನಲ್ಲಿ ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಿಸುತ್ತದೆ. ಗ್ಯಾಸ್ ಗೀಸರ್ ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆಯೇ ಇರಬೇಕು. ಈ ಮಾತಿನಲ್ಲಿ ರಿಯಾಯಿತಿ ಇಲ್ಲ.

ಸೋಲಾರ್‌ನದು ಸರಳ. ಗಾಜಿನ ಕೊಳವೆಗಳ ಮೇಲಿನ ಧೂಳು ಒರೆಸಿ, ಯಾವುದಾದರೂ ಒಡೆದಿದೆಯೇ ನೋಡಿ, ತಣ್ಣೀರಿನ ಟ್ಯಾಂಕ್ ಖಾಲಿಯಾಗಿ ಪೈಪಿನಲ್ಲಿ ಗಾಳಿ ಸಿಕ್ಕಿದೆಯೇ ನೋಡಿ. ಸುಣ್ಣ ಅಲ್ಲೂ ಕಟ್ಟುತ್ತದೆ. ಜೊತೆಗಿರುವ ಕರೆಂಟ್ ಕಾಯಿಲ್‌ಗೆ ಮೇಲಿನ ಮಾತುಗಳೆಲ್ಲ ಹಾಗೇ ಅನ್ವಯ.

ಮೆಕ್ಯಾನಿಕ್ ಬರುವ ತನಕ

ಗೀಸರ್ ಕೆಟ್ಟ ದಿನ ಎಲ್ಲರ ಕೈ ಹೋಗುವುದು ಬಕೆಟ್‌ಗೆ ಹಾಕುವ ಹೀಟರ್ ರಾಡ್‌ಗೆ. ಬೇರೆ ದಾರಿ ಇಲ್ಲದಿದ್ದರೆ ಪ್ಲಾಸ್ಟಿಕ್ ಬಕೆಟ್ ಇರಲಿ, ಕಬ್ಬಿಣದ್ದು ಬೇಡ. ರಾಡ್ ಮುಳುಗಿದ ಮೇಲೆ ಸ್ವಿಚ್ ಹಾಕಿ. ನೀರಿನ ಬಿಸಿ ನೋಡಲು ಬೆರಳು ಅದ್ದುವ ಮೊದಲು ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತು ಆಮೇಲೆ ಮುಟ್ಟಿ. ಮಕ್ಕಳಿರುವ ಮನೆಯಲ್ಲಿ ಒಲೆ ಮೇಲೆ ದೊಡ್ಡ ಪಾತ್ರೆ ಇಡುವುದೇ ವಾಸಿ.

ನಮ್ಮ ಮನೆಯಲ್ಲಿ ಈಗ ಮೆಕ್ಯಾನಿಕ್ ಬರುವುದು ದಸರೆಗೆ ಮೊದಲು. ಆಗ ಅವರಿಗೂ ಬಿಡುವು, ನಮಗೂ ಅವಸರವಿಲ್ಲ. ಪ್ಲೇಟ್ ಬಿಚ್ಚುವಾಗ ಅವ್ವ ಬಕೆಟ್ ಹಿಡಿದು ನಿಲ್ಲುತ್ತಾಳೆ. ಕಳೆದ ಸಲ ಬಿದ್ದದ್ದು ಎರಡು ಹಿಡಿ ಚಕ್ಕೆ ಮಾತ್ರ. ತೊಳೆದ ತಾರೀಕನ್ನು ಗೀಸರ್ ಮೇಲೆ ಮಾರ್ಕರ್‌ನಿಂದ ಬರೆದಿದ್ದೇವೆ.